ಹಾಡಿಗೆ ಫಿಲ್ಮು ಬೇಕೆ?

ಡಿಜಿಟಲ್ ಕ್ಯಾಮರಾ ಕೈಗೆಟುಕುವಾಗಲೂ ಐದಾರು ನಿಮಿಷದ ಹಾಡಿನ ವಿಡಿಯೋಕ್ಕಾಗಿ ಫಿಲ್ಮಿನ ಸುರುಳಿ ಹೊಂದಿಸಿಕೊಳ್ಳುವ ನಿರ್ದೇಶಕರು ಇನ್ನೂ ಇದ್ದಾರೆ. ಇದು ಹಳೆಯದರ ಹುಚ್ಚೆಂದು ನಗುವವರುಂಟು. ಫಿಲ್ಮಿನ ಆ ಮರಳುಮರಳಾದ ಸೊಗಸೇ ಬೇರೆಯೆಂದು ತಲೆದೂಗುವವರೂ ಉಂಟು. ಇಬ್ಬರ ಮಾತೂ ನನಗೆ ಒಪ್ಪಿಗೆಯಿಲ್ಲ. ಆ ಮರಳನ್ನು ಇಂದು ಕಂಪ್ಯೂಟರೇ ಬೇಕಾದಷ್ಟು ಎರಚಿಕೊಡುತ್ತದೆ. ಕೇಳಬೇಕಾದದ್ದು ಔಚಿತ್ಯದ ಪ್ರಶ್ನೆ: ಈ ಹಾಡು ಫಿಲ್ಮನ್ನು ಬೇಡುತ್ತದೆಯೆ?

2015ರಲ್ಲಿ ಬಂದ ಅಡೆಲ್ ಅವರ ‘ಹಲೋ’ ಹಾಡಿನ ವಿಡಿಯೋವನ್ನು ಕೆನಡಾದ ಝೇವಿಯರ್ ಡೋಲನ್ ನಿರ್ದೇಶಿಸಿದರು. ಅದರ ಕೆಲವು ಭಾಗಗಳಿಗೆ ಐಮ್ಯಾಕ್ಸ್ ಫಿಲ್ಮ್ ಕ್ಯಾಮರಾ ಬಳಸಿದರು. 65 ಮಿ.ಮೀ. ಅಗಲದ ಫಿಲ್ಮನ್ನು ನುಂಗುವ ಈ ಯಂತ್ರದಲ್ಲಿ ಸಾವಿರ ಅಡಿಯ ಸುರುಳಿ ಸುಮಾರು ಮೂರು ನಿಮಿಷಕ್ಕೆ ಮುಗಿಯುತ್ತದೆ. ಹಾಡೇ ಅದಕ್ಕಿಂತ ಉದ್ದ! ಯಂತ್ರದ ಗದ್ದಲವೂ ವಿಪರೀತ. ಹಾಡು ಮೊದಲೇ ಧ್ವನಿಮುದ್ರಣವಾಗಿರುತ್ತದಾದ್ದರಿಂದ ಆ ಪೀಡೆ ಇಲ್ಲಿ ಬಾಧಿಸದು. ಇರಲಿ. ಇಷ್ಟು ಹಿರಿದಾಗಿ ತೆಗೆದುದನ್ನು ಬಹುಮಂದಿ ನೋಡಿದ್ದು ಅಂಗೈಯಗಲದ ಫೋನಿನಲ್ಲಿ. ಅಡೆಲ್ ಅವರ ಮುಖ ಮನಸ್ಸಿನಲ್ಲಿ ನಿಲ್ಲುತ್ತದೆ, ನಿಜ. ಆದರೆ ಯಾವ ಕ್ಯಾಮರಾದಲ್ಲಿ ತೆಗೆದಿದ್ದರೂ ಆ ಮುಖ ನಿಲ್ಲುತ್ತಿತ್ತು. ಪಕ್ಕದ ಮನೆಗೆ ಹೋಗಲು ಅಂಬಾರಿ ಕಟ್ಟಿದ ಹಾಗಾಯಿತು.

ಇಂಗ್ಲೆಂಡಿನ ರೇಡಿಯೋಹೆಡ್ ವಾದ್ಯವೃಂದದ ‘ಡೇಡ್ರೀಮಿಂಗ್’ (2016) ಬೇರೆಯೇ ಮಾತು. ಪಾಲ್ ಥಾಮಸ್ ಆಂಡರ್ಸನ್ ಇದನ್ನು 35 ಮಿ.ಮೀ. ಫಿಲ್ಮಿನಲ್ಲಿ ತೆಗೆದರು. ಗಾಯಕ ಥಾಮ್ ಯಾರ್ಕ್ ಒಂದು ಬಾಗಿಲು ತೆರೆದು ಹೋಗುತ್ತಾರೆ. ಅದರಾಚೆ ಸಂಬಂಧವೇ ಇಲ್ಲದ ಇನ್ನೊಂದು ಜಾಗ. ಆಸ್ಪತ್ರೆಯ ಓಣಿ, ಬಟ್ಟೆ ಒಗೆಯುವ ಅಂಗಡಿ, ಯಾರದೋ ಮನೆ. ಕೊನೆಗೆ ಹಿಮದ ಬೆಟ್ಟ, ಗುಹೆ, ಬೆಂಕಿ. ಕಥೆಯೆಂದರೆ ಇಷ್ಟೆ. ಉಳಿದುದೆಲ್ಲ ಬೆಳಕಿನ ಕೆಲಸ. ಕತ್ತಲೆಯಿಂದ ಬೆಳಕಿಗೆ ದಾಟುವಾಗ ನಮ್ಮ ಕಣ್ಣು ಕೊಂಚ ಕುಕ್ಕಿ ಆಮೇಲೆ ಹೊಂದಿಕೊಳ್ಳುತ್ತದಷ್ಟೆ. ಪ್ರಖರ ಬೆಳಕು ಒಂದು ಮಟ್ಟ ಮೀರಿದೊಡನೆ ಡಿಜಿಟಲ್ ಚಿತ್ರ ತಟ್ಟನೆ ಬರಿಯ ಬಿಳುಪಾಗಿಬಿಡುತ್ತದೆ. ನೆಗೆಟಿವ್ ಫಿಲ್ಮು ಮೆಲ್ಲಮೆಲ್ಲನೆ ಸೋಲುತ್ತದೆ. ಕನಸಿನಲ್ಲಿ ನಡೆಯುವವನ ಹಾಡಿಗೆ ಈ ಮೆಲ್ಲನೆಯ ಸೋಲೇ ತಕ್ಕದ್ದು. ಡಿಜಿಟಲ್ ಕ್ಯಾಮರಾಗಳೂ ಈಚೆಗೆ ಇದರ ಬಳಿಸಾರಿವೆಯೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಇನ್ನೊಂದಿದೆ. 35 ಮಿ.ಮೀ. ಫಿಲ್ಮು ಸಾವಿರ ಅಡಿಗೆ ಸುಮಾರು ಹನ್ನೊಂದು ನಿಮಿಷ. ತೊಳೆದು ಬರುವತನಕ ಏನು ಸಿಕ್ಕಿತೆಂದು ಖಚಿತವಿಲ್ಲ. ಯಾವ ಬಾಗಿಲು, ಎಷ್ಟು ಹೆಜ್ಜೆ ಎಂಬುದನ್ನು ಮೊದಲೇ ನಿಶ್ಚಯಿಸಲೇಬೇಕು. ಈ ವಿಡಿಯೋದ ನಡಿಗೆಯಲ್ಲಿ ಆ ನಿಶ್ಚಯ ಕಾಣುತ್ತದೆ. ನೂರು ಬಾರಿ ತೆಗೆದು ಆಮೇಲೆ ಆಯ್ದ ತುಣುಕುಗಳಿಗೆ ಇಂಥ ಬಿಗಿ ಬರುವುದು ಅಪರೂಪ. ಕೆಲವು ಚಿತ್ರಮಂದಿರಗಳಿಗೆ ಇದರ 35 ಮಿ.ಮೀ. ಪ್ರತಿಗಳನ್ನೇ ಕಳಿಸಿದ್ದರೆಂಬುದೂ ಮೆಚ್ಚತಕ್ಕದ್ದೇ.

ಫ್ಯೂಜಿ ಕಂಪನಿ 2013ರಲ್ಲಿ ಚಿತ್ರೀಕರಣದ ಫಿಲ್ಮು ತಯಾರಿಸುವುದನ್ನು ನಿಲ್ಲಿಸಿತು. ಈಗ ಬಹುಮಟ್ಟಿಗೆ ಕೊಡಕ್ ಕಂಪನಿಯನ್ನೇ ನೆಚ್ಚಬೇಕು. ಉಳಿದಿರುವ ಅಷ್ಟು ಫಿಲ್ಮನ್ನು ಅಂಬಾರಿಗೇ ಮುಗಿಸಿದರೆ, ಮುಂದೊಬ್ಬ ನಿರ್ದೇಶಕನಿಗೆ ಇಂಥದೊಂದು ಬಾಗಿಲು ತೆರೆಯಬೇಕೆನಿಸಿದಾಗ ಏನಿರುತ್ತದೆ? ಗುಹೆಯಲ್ಲಿ ಯಾರ್ಕ್ ತಿರುಗುಮುರುಗಾಗಿ ಗೊಣಗುವ ಮಾತು ನನಗೇನೂ ರುಚಿಸಲಿಲ್ಲ. ಅವರ ಮುಖದ ಮೇಲಾಡುವ ಬೆಂಕಿಯ ಬೆಳಕನ್ನು ಮಾತ್ರ ಮತ್ತೆ ಮತ್ತೆ ನೋಡಿದೆ.