ಕಿರ್ಮಾನಿಯ ಸಂಕಟ

ಈಚೆಗೆ ಅಮೀರ್‌ಪೇಟೆಯ ಸದಸ್ಯರೊಬ್ಬರ ಮನೆಯಲ್ಲಿ ನಾವು ಎಂಟು ಮಂದಿ ಕೂಡಿ ಗಿರೀಶ ಕಾರ್ನಾಡರ ‘ಟಿಪ್ಪುವಿನ ಕನಸುಗಳು’ ನಾಟಕವನ್ನು ಓದಿದೆವು. ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ನೋಡುವ ನಮಗೆ ಸಾಹಿತ್ಯ ವಿಮರ್ಶೆ ಕಸುಬಲ್ಲ. ಆದರೂ ಓದಿನ ಬಳಿಕ ನಡೆದ ಚರ್ಚೆ ಮತ್ತು ಅದರಲ್ಲಿ ನಾವೇ ಆಡಿದ ಒಂದು ಮಾತು ಈ ನಾಲ್ಕು ಸಾಲುಗಳನ್ನು ಬರೆಯಿಸಿವೆ.

ಸ್ವಾತಂತ್ರ್ಯದ ಐವತ್ತನೆಯ ವರ್ಷವಾದ 1997ರಲ್ಲಿ ಕಾರ್ನಾಡರು ಇದನ್ನು ಮೊದಲು ಬಿಬಿಸಿ ರೇಡಿಯೋಗಾಗಿ ಇಂಗ್ಲಿಷಿನಲ್ಲಿ ಬರೆದರು. ಟಿಪ್ಪು ತನ್ನ ಕನಸುಗಳನ್ನು ಪಾರಸಿಯಲ್ಲಿ ಸ್ವಹಸ್ತದಿಂದ ಗುಟ್ಟಾಗಿ ಬರೆದಿಡುತ್ತಿದ್ದನೆಂಬುದು ಚರಿತ್ರೆ. ಆ ಹೊತ್ತಿಗೆ ಇಂದಿಗೂ ಲಂಡನ್ನಿನಲ್ಲಿದೆ. ಆದರೆ ನಮ್ಮ ಮಟ್ಟಿಗೆ ನಾಟಕದ ಜೀವ ಇರುವುದು ಟಿಪ್ಪುವಿನಲ್ಲಲ್ಲ, ಇತಿಹಾಸಕಾರ ಕಿರ್ಮಾನಿಯಲ್ಲಿ. ಒಡೆಯನ ಅನ್ನವುಂಡವನು ಒಡೆಯ ಮಡಿದ ಮೇಲೆ ಅವನ ಕಥೆಯನ್ನು ಗೆದ್ದವರಿಗಾಗಿ ಬರೆಯಬೇಕಾಗಿದೆ. ಎದುರಿಗೆ ಕರ್ನಲ್ ಮೆಕೆಂಜಿ ಪ್ರಶ್ನೆ ಕೇಳುತ್ತ ಕುಳಿತಿದ್ದಾನೆ. ತಾನು ದ್ರೋಹಿಯೇ ಎಂಬ ಕಿರ್ಮಾನಿಯ ಸಂಕಟಕ್ಕೆ ನಾಟಕಕಾರರು ಸುಲಭದ ಉತ್ತರ ಕೊಡುವುದಿಲ್ಲ. ಇದು ನಾಟಕದ ದೊಡ್ಡ ಗುಣ.

ಚರ್ಚೆಯಲ್ಲಿ ಹಿರಿಯರೊಬ್ಬರು, ಫ್ರೆಂಚರ ಸೈನ್ಯವನ್ನು ಕರೆಸಬಯಸಿದ ಟಿಪ್ಪುವನ್ನು ದೇಶಪ್ರೇಮಿ ಎನ್ನುವುದು ಹೇಗೆ ಎಂದರು. ಪ್ರಶ್ನೆ ಸರಿಯಾದದ್ದೇ. ಅವನ ದೂತರು 1788ರಲ್ಲಿ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋಗಿದ್ದರು. 1798ರಲ್ಲಿ ಮಾರಿಷಸ್ಸಿನಿಂದ ನೂರಕ್ಕೂ ಕಡಿಮೆ ಮಂದಿ ಮಂಗಳೂರಿಗೆ ಬಂದಿಳಿದರು. ಆಂಗ್ಲರಿಗೆ ಯುದ್ಧಕ್ಕೆ ಅಷ್ಟೇ ನೆಪ ಸಾಕಾಯಿತು. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ಈ ಊರಿನ ನಿಜಾಮನು ಆಂಗ್ಲರ ಪಡೆಯನ್ನು ತನ್ನ ಖರ್ಚಿನಲ್ಲೇ ಇಟ್ಟುಕೊಳ್ಳಲು ಒಪ್ಪಿದ, ತನ್ನ ಫ್ರೆಂಚ್ ಪಡೆಯನ್ನು ವಿಸರ್ಜಿಸಿದ. ಮರು ವರ್ಷ ಶ್ರೀರಂಗಪಟ್ಟಣದ ಮೇಲೆ ಹೋದ ನಿಜಾಮನ ಸೈನ್ಯದ ಮುಂದಾಳು ಮೀರ್ ಆಲಂ. ಮಕ್ಕಳಿಗೆ ಪ್ರಾಣಿ ಸಂಗ್ರಹಾಲಯ ತೋರಿಸಲು ಹೋದಾಗ ಪಕ್ಕದಲ್ಲಿ ಕಾಣುವ ಕೆರೆಗೆ ಅವನದೇ ಹೆಸರು. ಇಬ್ಬರೂ ಹೊರಗಿನವರನ್ನು ನಂಬಿದವರೇ. ಮೈಸೂರಿನಿಂದ ಗೆದ್ದ ಬಳ್ಳಾರಿ ಮೊದಲಾದ ಸೀಮೆಗಳನ್ನು ನಿಜಾಮನು 1800ರಲ್ಲಿ ಅದೇ ಪಡೆಯ ವೆಚ್ಚಕ್ಕಾಗಿ ಆಂಗ್ಲರಿಗೇ ಒಪ್ಪಿಸಬೇಕಾಯಿತು. ಎರವಲು ಸೈನ್ಯದ ಲೆಕ್ಕ ಕೊನೆಗೆ ತೀರುವುದು ಹೀಗೆ.

ಇದರಲ್ಲಿ ಧರ್ಮವೆಲ್ಲಿ? ಟಿಪ್ಪುವೂ ನಿಜಾಮನೂ ಒಂದೇ ಮತದವರು. 1791ರಲ್ಲಿ ಶೃಂಗೇರಿಯನ್ನು ಸೂರೆಗೈದದ್ದು ಮರಾಠರ ದಂಡು. ಮಠದ ಪುನಃಪ್ರತಿಷ್ಠೆಗೆ ನೆರವು ಕಳಿಸಿ, ತನ್ನ ಜಯಕ್ಕಾಗಿ ಪ್ರಾರ್ಥಿಸಿರೆಂದು ಸ್ವಾಮಿಗಳಿಗೆ ಕನ್ನಡದಲ್ಲಿ ಬರೆದವನು ಟಿಪ್ಪು. ಆ ಪತ್ರಗಳನ್ನು 1916ರಲ್ಲಿ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಹಾಗೆಂದು ಕೊಡಗಿನವರ, ಮಲಬಾರಿನವರ ನೋವನ್ನು ಈ ಪತ್ರಗಳು ಅಳಿಸಲಾರವು. ನಾಟಕದ ಕೊರತೆ ಇರುವುದು ಇಲ್ಲಿಯೇ. ಟಿಪ್ಪುವಿನ ಕನಸಿಗೆ ಸಿಕ್ಕಷ್ಟು ಜಾಗ ಅವನ ಕೈಯಲ್ಲಿ ನೊಂದವರ ನೆನಪಿಗೆ ಸಿಕ್ಕಿಲ್ಲ. ನಿಜಾಮನ ಭಯವೇನೆಂಬುದೂ ನಮಗೆ ಕಾಣುವುದಿಲ್ಲ. ಅವನು ಬರಿಯ ಎದುರಾಳಿಗಳ ಪಟ್ಟಿಯಲ್ಲೊಂದು ಹೆಸರಾಗಿ ಉಳಿದಿದ್ದಾನೆ. ಸೋತವನ ಒಳಮನೆಯನ್ನು ತೋರಿಸಿದ ನಾಟಕಕಾರರು ಒಂದು ಕಿಟಕಿಯನ್ನು ಈ ಕಡೆಗೂ ತೆರೆಯಬಹುದಿತ್ತು.

ಪರದೇಶದ ಸೈನ್ಯ ಸರಿಯೋ ತಪ್ಪೋ ಎಂಬುದನ್ನು ನಾವು ತತ್ತ್ವದಿಂದ ತೀರ್ಮಾನಿಸುವುದು ಕಡಿಮೆ; ಯಾರು ನಮ್ಮವರು ಎಂಬುದನ್ನು ನೋಡಿ ತೀರ್ಮಾನಿಸುವುದೇ ಹೆಚ್ಚು. 1987ರಲ್ಲಿ ನಮ್ಮ ಸೈನ್ಯವೇ ಶ್ರೀಲಂಕೆಗೆ ಹೋದಾಗ ಅದರ ಹೆಸರು ಶಾಂತಿಪಾಲನಾ ಪಡೆ. 1990ರಲ್ಲಿ ಮರಳುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತ್ತು. ಅಲ್ಲಿನ ಸಿಂಹಳೀಯರಿಗೂ ತಮಿಳರಿಗೂ ಬೇಡವಾಗಿತ್ತು. ಅಲ್ಲಿ ನಾವೇ ಪರದೇಶದವರಾಗಿದ್ದೆವು.

ಇನ್ನು ನಮ್ಮ ತಪ್ಪು. ಓದುಗೋಷ್ಠಿಗೆ ನಮ್ಮ ಕಚೇರಿಯ ಮುಸಲ್ಮಾನ ಗೆಳೆಯರೊಬ್ಬರು ಬಂದಿದ್ದರು. ಕಲಬುರಗಿ ಕಡೆಯವರು, ಹನ್ನೆರಡು ವರ್ಷಗಳಿಂದ ನಮ್ಮೊಡನೆ ಬುತ್ತಿ ಹಂಚಿಕೊಂಡು ಉಣ್ಣುವವರು. ಚರ್ಚೆಯ ಕಾವಿನಲ್ಲಿ ನಾವು ಅವರನ್ನು ಕೇಳಿಬಿಟ್ಟೆವು: “ನೀವು ಯಾರ ಕಡೆ ಸಾರ್, ಟಿಪ್ಪುವಿನ ಕಡೆಯೋ ನಿಜಾಮನ ಕಡೆಯೋ?” ಉಳಿದ ಯಾರನ್ನೂ ನಾವು ಹಾಗೆ ಕೇಳಿರಲಿಲ್ಲ. ಅವರು, “ನಾನು ಅಕೌಂಟ್ಸ್ ಸೆಕ್ಷನ್ನಿನ ಕಡೆ” ಎಂದರು. ಎಲ್ಲರೂ ನಕ್ಕರು. ಚಹಾ ಬರುವ ಮುನ್ನವೇ ಅವರು ಎದ್ದು ಹೋಗಿದ್ದರು.

ಎರಡು ಗಂಟೆ ಕಿರ್ಮಾನಿಯ ಸಂಕಟಕ್ಕೆ ಮರುಗಿದ ನಾವು ಮೂರನೆಯ ಗಂಟೆಗೆ ಮೆಕೆಂಜಿಯಾಗಿದ್ದೆವು. ನಾಟಕ ನಮ್ಮನ್ನು ತಟ್ಟಿದ್ದು ಆಗ.

ಮರುದಿನ ಊಟದ ವೇಳೆ ಕ್ಷಮೆ ಕೇಳಿದೆವು. ಮುಂದಿನ ಭಾನುವಾರ ಅಮೀರ್‌ಪೇಟೆಯಲ್ಲಿ ಮೆಟ್ರೋ ಹತ್ತಿ, ಗಾಡಿ ಬದಲಿಸದೆ ಮೂಸಾರಾಂಬಾಗಿಗೆ ಇಬ್ಬರೂ ಹೋಗಿಬಂದೆವು. ನಿಜಾಮನ ಫ್ರೆಂಚ್ ಪಡೆಯನ್ನು ಕಟ್ಟಿ 1798ರಲ್ಲಿ ತೀರಿಕೊಂಡ ರೇಮಂಡನ ಸಮಾಧಿ ಆ ಭಾಗದ ಗುಡ್ಡದ ಮೇಲಿದೆ. ಹಿಂದೂಗಳು ಅವನನ್ನು ಮೂಸಾ ರಾಮ್ ಎಂದರೆ ಮುಸಲ್ಮಾನರು ಮೂಸಾ ರಹೀಮ್ ಎನ್ನುತ್ತಿದ್ದರೆಂದು ಪ್ರತೀತಿ. ಕೂಲಿಗೆ ಬಂದ ಪರದೇಶಿಯನ್ನೂ ಎರಡು ಹೆಸರಿಟ್ಟು ತನ್ನವನಾಗಿಸಿಕೊಂಡ ಊರಿದು.

ಈ ನಾಟಕವನ್ನು ಸಂಘದ ವಾರ್ಷಿಕೋತ್ಸವದಲ್ಲಿ ಆಡಬೇಕೆಂಬುದು ನಮ್ಮ ಸಲಹೆ. ಕಿರ್ಮಾನಿಯ ಪಾತ್ರ ವಹಿಸಲು ಗೆಳೆಯರನ್ನು ಕೇಳಿದೆವು. “ಅದು ಬೇಡ, ಮೆಕೆಂಜಿಯ ಪಾತ್ರ ಕೊಡಿ. ಒಂದು ಸಲವಾದರೂ ಪ್ರಶ್ನೆ ಕೇಳುವ ಸರದಿ ನನ್ನದಾಗಲಿ” ಎಂದರು.