ಟಿಬೇರಿಯಸ್‌ನ ಚಿನ್ನದ ನಾಣ್ಯದಲ್ಲಿ ಕೂತವಳು ಲಿವಿಯಾಳೇ?

ರೋಮನ್ ಚಕ್ರವರ್ತಿ ಟಿಬೇರಿಯಸ್‌ನ (ಕ್ರಿ.ಶ. 14–37) ಚಿನ್ನದ ನಾಣ್ಯ, ಅಂದರೆ ಆರಿಯಸ್, ಕಂಡಲ್ಲೆಲ್ಲ ಬಹುತೇಕ ಒಂದೇ ವಿವರಣೆ ಸಿಗುತ್ತದೆ: ‘ಹಿಂಬದಿ: ಶಾಂತಿದೇವತೆಯಾಗಿ ಲಿವಿಯಾ’. ಲಿವಿಯಾ ಅವನ ತಾಯಿ, ಅಗಸ್ಟಸ್‌ನ ಹೆಂಡತಿ. ನಾನೂ ಒಂದು ಉಪನ್ಯಾಸದಲ್ಲಿ ಈ ಸಾಲನ್ನು ಹಾಗೇ ಸ್ಲೈಡಿಗೆ ಅಂಟಿಸಿದ್ದೆ. ಮುಂದೆ ಕೂತಿದ್ದ ಹಿರಿಯರೊಬ್ಬರು, “ಅದು ಎಲ್ಲಿ ಬರೆದಿದೆ, ಓದಿ ನೋಡೋಣ” ಅಂದರು. ಓದಿದೆ. ಎಲ್ಲೂ ಬರೆದಿಲ್ಲ!

ಮುಂಬದಿಯಲ್ಲಿರುವುದು ‘ದೈವೀಕೃತ ಅಗಸ್ಟಸ್‌ನ ಮಗ ಟಿಬೇರಿಯಸ್’ ಎಂಬ ಅರ್ಥದ ಬರಹ. ಹಿಂಬದಿಯಲ್ಲಿ ಕುಳಿತ ಹೆಂಗಸು, ಒಂದು ಕೈಯಲ್ಲಿ ರಾಜದಂಡ, ಇನ್ನೊಂದರಲ್ಲಿ ರೆಂಬೆ. ಸುತ್ತ ‘ಪೊಂಟಿಫ್ ಮಾಕ್ಸಿಮ್’ ಅಂತಿದೆ. ಪ್ರಧಾನ ಪುರೋಹಿತ ಎಂಬ ಈ ಬಿರುದು ಟಿಬೇರಿಯಸ್‌ನದೇ, ಆಕೆಯದಲ್ಲ. ಲಿವಿಯಾಳ ಹೆಸರು ಹಾಗಿರಲಿ, ದೇವತೆಯ ಹೆಸರೂ ಇಲ್ಲ.

ಇನ್ನೊಂದು ತೊಡಕು ಕಾಲದ್ದು. ಕುಳಿತ ಹೆಂಗಸಿನ ಈ ವಿನ್ಯಾಸ ಅಗಸ್ಟಸ್‌ನ ಕೊನೆಗಾಲದಲ್ಲೇ ಶುರುವಾಗಿತ್ತು. ಲಿವಿಯಾಳಿಗೆ ‘ಅಗಸ್ಟಾ’ ಬಿರುದು ಬಂದದ್ದು ಅವನು ಸತ್ತ ಮೇಲೆ, 14ರಲ್ಲಿ. ಆಕೆ ತೀರಿಕೊಂಡದ್ದು 29ರಲ್ಲಿ. ಆಗ ಆಕೆಗೆ ದೇವತೆಯ ಪಟ್ಟ ಕಟ್ಟಲು ಮಗನೇ ಒಪ್ಪಲಿಲ್ಲ. ಆಮೇಲೂ ಅದೇ ವಿನ್ಯಾಸ ಟಂಕವಾಗುತ್ತಲೇ ಇತ್ತು. ಪಟ್ಟ ಸಿಕ್ಕಿದ್ದು 42ರಲ್ಲಿ, ಕ್ಲಾಡಿಯಸ್‌ನಿಂದ. ಅವನ ಹಿತ್ತಾಳೆ ನಾಣ್ಯದಲ್ಲಿ ‘ದೀವಾ ಅಗಸ್ಟಾ’ ಅಂತ ಅಕ್ಷರದಲ್ಲೇ ಇದೆ. ಹೇಳಬೇಕು ಅನಿಸಿದಾಗ ರೋಮನ್ನರು ಬರೆದೇ ಹೇಳುತ್ತಿದ್ದರು.

ಎಷ್ಟು ಸ್ಪಷ್ಟವಾಗಿ ಅನ್ನುವುದಕ್ಕೆ ನೀರೋನ 54ನೇ ಇಸವಿಯ ಆರಿಯಸ್ ನೋಡಿ. ತಾಯಿ ಅಗ್ರಿಪ್ಪಿನಾ, ಮಗ ನೀರೋ, ಎದುರುಬದುರು ಮುಖ. ಆದರೆ ಆ ಮುಖಗಳ ಸುತ್ತ ಇರುವುದು ತಾಯಿಯ ಹೆಸರು, ಪ್ರಥಮಾ ವಿಭಕ್ತಿಯಲ್ಲಿ; ಕೊನೆಯ ಪದ ‘ಮಾತೆರ್’, ತಾಯಿ. ಚಕ್ರವರ್ತಿಯ ಹೆಸರು ಹಿಂಬದಿಗೆ ಹೋಗಿದೆ, ಅದೂ ಚತುರ್ಥಿಯಲ್ಲಿ: ‘ನೆರೋನಿ’, ನೀರೋನಿಗೆ! ಮರುವರ್ಷ ಎಲ್ಲ ತಿರುಗುಮುರುಗು. ಮಗ ಮುಂಬದಿಗೆ ಬಂದು ಪ್ರಥಮಾ ವಿಭಕ್ತಿ ಪಡೆದ, ತಾಯಿಯ ಹೆಸರು ಹಿಂಬದಿಗೆ ಹೋಯಿತು. 59ರಲ್ಲಿ ಅವನೇ ಆಕೆಯನ್ನು ಕೊಲ್ಲಿಸಿದ. ಮುಖಗಳನ್ನಷ್ಟೇ ನೋಡುವವರಿಗೆ ಈ ವಿಭಕ್ತಿಯ ಜಗಳ ಕಾಣುವುದೇ ಇಲ್ಲ.

ಟಿಬೇರಿಯಸ್‌ನ ನಾಣ್ಯ ಹಿಡಿದ ಅಂದಿನ ಜನಕ್ಕೆ ಲಿವಿಯಾ ನೆನಪಾಗಿರಲಾರಳು ಅಂತ ನಾನು ವಾದಿಸುತ್ತಿಲ್ಲ. ಆಗಿರಬಹುದು. ಆದರೆ ಅದು ನಮ್ಮ ಊಹೆ, ನಾಣ್ಯದ ಪಾಠ ಅಲ್ಲ. ಶಾಸನದಲ್ಲಿ ಅಳಿಸಿದ ಅಕ್ಷರವನ್ನು ತುಂಬಿದರೆ ಆವರಣ ಚಿಹ್ನೆ ಹಾಕುತ್ತೇವೆ. ನಾಣ್ಯಕ್ಕೆ ಬಂದರೆ ಆ ಶಿಸ್ತು ಯಾಕೆ ಮಾಯ?

ಇದು ದೂರದ ರೋಮಿನ ಮಾತಷ್ಟೇ ಅಲ್ಲ. ಇದೇ ವಿನ್ಯಾಸದ ಬೆಳ್ಳಿ ದಿನಾರಿಯಸ್‌ಗಳು ದಕ್ಷಿಣ ಭಾರತದ ನಿಧಿಗಳಲ್ಲಿ ಹೇರಳ; 1891ರಲ್ಲಿ ನಮ್ಮ ಯಶವಂತಪುರದಲ್ಲಿ ಸಿಕ್ಕ ನಿಧಿಯಲ್ಲೂ ಟಿಬೇರಿಯಸ್ ಇದ್ದಾನೆ. ನನ್ನ ಸ್ಲೈಡನ್ನು ಈಗ ಹೀಗೆ ತಿದ್ದಿದ್ದೇನೆ: ‘ಹಿಂಬದಿ: ರಾಜದಂಡ, ರೆಂಬೆ ಹಿಡಿದು ಕುಳಿತ ಸ್ತ್ರೀ, ಬಲಮುಖ. ಹೆಸರಿಲ್ಲ.’