ಮೌನವು ಪ್ರಮಾಣವೆ? – ಸ್ಮಾರ್ಟ್‌ಡಿ ಸೇವೆಯನ್ನು ಕುರಿತ ಒಂದು ವಿಮರ್ಶೆ

ಶಾಸನಗಳ ಛಾಯಾಪ್ರತಿಗಳನ್ನೂ ಹಳೆಯ ಕಡತಗಳ ಬಿಂಬಗಳನ್ನೂ ಗಣಕದ ಡಿಸ್ಕುಗಳಲ್ಲಿ ಕಾಪಿಡುವುದು ಈಗ ಚರಿತ್ರೆಯ ವ್ಯಾಸಂಗದ ಒಂದು ಅಂಗವಾಗಿದೆ. ಡಿಸ್ಕು ಕೆಟ್ಟರೆ ಆಕರವೇ ಹೋದಂತೆ. ಈ ಅಪಾಯವನ್ನು ಮುಂಚಿತವಾಗಿ ಸೂಚಿಸಲೆಂದು ಲಿನಕ್ಸ್ ಗಣಕಗಳಲ್ಲಿ ಬಳಸತಕ್ಕ ಸಾಧನಗಳಲ್ಲಿ ಸ್ಮಾರ್ಟ್‌ಡಿ ಎಂಬ ಸೇವೆ ಮುಖ್ಯವಾದುದು. ಇದು ಬ್ರೂಸ್ ಆಲೆನ್ ಅವರು 2002ರಲ್ಲಿ ಆರಂಭಿಸಿದ ಸ್ಮಾರ್ಟ್‌ಮಾನ್‌ಟೂಲ್ಸ್ ತಂತ್ರಾಂಶದ ಒಂದು ಭಾಗ. ಬೇರೆ ಆದೇಶವಿಲ್ಲದಿದ್ದರೆ 30 ನಿಮಿಷಗಳಿಗೊಮ್ಮೆ ಡಿಸ್ಕಿನ ಆರೋಗ್ಯದ ಅಂಕಿಗಳನ್ನು ಓದಿ, ದೋಷ ಕಂಡರೆ ವರದಿ ಮಾಡುತ್ತದೆ. ಇದರ ಉಪಯುಕ್ತತೆ ನಿರ್ವಿವಾದ. ಆದರೆ ಯುಎಸ್‌ಬಿ ಡಿಸ್ಕನ್ನು ಜೋಡಿಸಿದಾಗ ಇದು ಕೆಲವೊಮ್ಮೆ ಸ್ತಬ್ಧವಾಗಿಬಿಡುತ್ತದೆ. ಇದರ ಕಾರಣವನ್ನೂ, ಅದಕ್ಕಿಂತ ಹೆಚ್ಚಾಗಿ ಇದರ ಪರಿಣಾಮವನ್ನೂ ಇಲ್ಲಿ ಪರಿಶೀಲಿಸಿದೆ.

ಯುಎಸ್‌ಬಿ ಪೆಟ್ಟಿಗೆಯೊಳಗಿನ ಡಿಸ್ಕು ಗಣಕದೊಡನೆ ನೇರವಾಗಿ ವ್ಯವಹರಿಸುವುದಿಲ್ಲ. ನಡುವಣ ಸೇತುವೆ ಚಿಪ್ಪು ದುಭಾಷಿಯಂತೆ ಸ್ಕಸಿ ಆಜ್ಞೆಗಳನ್ನು ಎಟಿಎ ಆಜ್ಞೆಗಳಾಗಿ ಮಾರ್ಪಡಿಸುತ್ತದೆ. ಓದುವ, ಬರೆಯುವ ಆಜ್ಞೆಗಳನ್ನು ಎಲ್ಲ ಚಿಪ್ಪುಗಳೂ ಬಲ್ಲವು. ಆರೋಗ್ಯ ವಿಚಾರಿಸುವ ಆಜ್ಞೆಯನ್ನು ದಾಟಿಸಲು ಎಸ್‌ಎಟಿ ಎಂಬ ಮಾನಕವಿದ್ದರೂ ಎಲ್ಲವೂ ಅದನ್ನು ಸರಿಯಾಗಿ ಪಾಲಿಸವು. ಕೆಲವು ಆಜ್ಞೆಯನ್ನು ತಿರಸ್ಕರಿಸುತ್ತವೆ, ಅದು ಕ್ಷೇಮ. ಕೆಲವು ಉತ್ತರವನ್ನೇ ಕೊಡುವುದಿಲ್ಲ. ಆಗ ಕರ್ನೆಲ್ ಕಾಯುತ್ತದೆ. ಕಾಲಮಿತಿ ಮೀರಿದ ಮೇಲೆ ಸಂಪರ್ಕವನ್ನು ಮರುಹೊಂದಿಸಿ ಮತ್ತೆ ಕಾಯುತ್ತದೆ. ಆ ಅವಧಿಯಲ್ಲಿ ಸೇವೆಯ ಪ್ರಕ್ರಿಯೆ ಎಬ್ಬಿಸಲಾಗದ ನಿದ್ರೆಯಲ್ಲಿದ್ದು, ಕೊಲ್ಲುವ ಸಂಕೇತಕ್ಕೂ ಓಗೊಡುವುದಿಲ್ಲ.

ಸೇತುವೆಯ ದೋಷಕ್ಕೆ ಸೇವೆಯನ್ನು ದೂರುವುದು ನ್ಯಾಯವಲ್ಲವೆನ್ನಬಹುದು. ಈ ಮಾತು ಅರ್ಧ ಮಾತ್ರ ಸತ್ಯ. ಸ್ಮಾರ್ಟ್‌ಡಿ ಡಿಸ್ಕುಗಳನ್ನು ಒಂದಾದ ಮೇಲೊಂದರಂತೆ ಪರೀಕ್ಷಿಸುತ್ತದೆ. ಆದುದರಿಂದ ಒಂದು ಕೆಟ್ಟ ಪೆಟ್ಟಿಗೆಯ ದೆಸೆಯಿಂದ ಗಣಕದೊಳಗಿನ ಡಿಸ್ಕುಗಳ ಪರೀಕ್ಷೆಯೂ ನಿಲ್ಲುತ್ತದೆ. ಆಗಲೂ ಸೇವೆಯ ಸ್ಥಿತಿಯನ್ನು ಕೇಳಿದರೆ 'ನಡೆಯುತ್ತಿದೆ' ಎಂಬ ಉತ್ತರ ಬರಬಹುದು. ದೋಷವಿದ್ದಾಗ ಮಾತ್ರ ಪತ್ರ ಬರೆಯುವ ಸೇವೆಯ ಮೌನವನ್ನು ನಾವು ಕ್ಷೇಮವೆಂದು ಓದಿಕೊಳ್ಳುತ್ತೇವೆ. ಕುಮಾರಿಲಭಟ್ಟನ ಮತದ ಮೀಮಾಂಸಕರು ಅನುಪಲಬ್ಧಿಯನ್ನು ಪ್ರಮಾಣವೆಂದು ಒಪ್ಪಿದರೂ ಅದಕ್ಕೆ ಯೋಗ್ಯತೆಯ ನಿಯಮವನ್ನು ವಿಧಿಸಿದರು: ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತು ಕಾಣದಿದ್ದಲ್ಲಿ ಮಾತ್ರ ಅದರ ಅಭಾವ ಸಿದ್ಧ. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯೇ ಇಲ್ಲವೆನ್ನಲಾಗದು. ಶಾಸನ ದೊರೆಯದ ಕಾಲವನ್ನು ಘಟನೆಯಿಲ್ಲದ ಕಾಲವೆಂದು ನಾವು ಬರೆಯುವುದಿಲ್ಲವಷ್ಟೆ.

ಸೇವೆ ಸುಸ್ಥಿತಿಯಲ್ಲಿದ್ದರೂ ಅದರ ಮೌನ ದುರ್ಬಲ ಪ್ರಮಾಣವೇ. ಗೂಗಲ್ ಸಂಸ್ಥೆಯ ವಿದ್ವಾಂಸರು ಒಂದು ಲಕ್ಷಕ್ಕೂ ಮಿಕ್ಕ ಡಿಸ್ಕುಗಳನ್ನು ಅಭ್ಯಸಿಸಿ 2007ರಲ್ಲಿ ಪ್ರಕಟಿಸಿದ ಪ್ರಬಂಧದಂತೆ, ಕೆಟ್ಟುಹೋದವುಗಳಲ್ಲಿ ಶೇಕಡ 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದನ್ನೂ ತೋರಿರಲಿಲ್ಲ.

ಪರಿಹಾರ ಕ್ಲಿಷ್ಟವಾದುದಲ್ಲ. ಮೊದಲು ಯುಎಸ್‌ಬಿ ಡಿಸ್ಕನ್ನು ಬೇರ್ಪಡಿಸಿ ಸೇವೆಯನ್ನು ಪುನರಾರಂಭಿಸಬೇಕು, ಅದಾಗದಿದ್ದರೆ ಗಣಕವನ್ನೇ. ಆಗ ಸರಿಯಾಗಿ ನಡೆದು, ಸ್ತಬ್ಧವಾದ ವೇಳೆಗೆ ಕರ್ನೆಲಿನ ದಾಖಲೆಯಲ್ಲಿ ಮರುಹೊಂದಿಕೆಯ ಸಾಲುಗಳೂ ಇದ್ದರೆ ಸೇತುವೆಯ ಮೇಲಣ ಸಂಶಯ ಬಲಗೊಳ್ಳುತ್ತದೆ. ಬಳಿಕ ಸ್ಮಾರ್ಟ್‌ಸಿಟಿಎಲ್ ಎಂಬ ಜೊತೆಯ ಸಾಧನದಿಂದ ಆ ಡಿಸ್ಕೊಂದನ್ನೇ ಎಸ್‌ಎಟಿ ಕ್ರಮದಲ್ಲಿ ಪ್ರಶ್ನಿಸಬೇಕು. ಉತ್ತರ ಬಂದರೆ ಆ ಕ್ರಮವನ್ನು ಸಂರಚನಾ ಕಡತದಲ್ಲಿ ನಮೂದಿಸಬೇಕು. ಬಾರದಿದ್ದರೆ, ಡಿಸ್ಕುಗಳನ್ನೆಲ್ಲ ತಾನೇ ಹುಡುಕುವ ಡಿವೈಸ್‌ಸ್ಕ್ಯಾನ್ ಆದೇಶವನ್ನು ತೆಗೆದು, ಒಳಗಿನವನ್ನು ಮಾತ್ರ ಹೆಸರಿಸಬೇಕು.

ಪ್ರತಿ ಪರೀಕ್ಷೆಯ ಅಂಕಿಗಳನ್ನು ಕಾಲದೊಡನೆ ಬರೆದಿಡುವ ಸೌಲಭ್ಯವೂ ಇದರಲ್ಲಿದೆ, ಬಳಸುವವರು ವಿರಳ. ಅದರ ಕೊನೆಯ ಸಾಲು ನಿನ್ನೆಯದಾಗಿದ್ದರೆ ಇಂದಿನ ಮೌನಕ್ಕೆ ಬೆಲೆಯಿಲ್ಲ. ಆ ಸಾಲನ್ನು ದಿನವೂ ನೋಡುವುದು, ಆಕರದ ಎರಡನೆಯ ಪ್ರತಿಯನ್ನು ಬೇರೆಡೆ ಇಡುವುದು, ಇವೆರಡೂ ಸಂಶೋಧಕನ ಕರ್ತವ್ಯಗಳೇ.